ಮನೆಗೆಲಸದಲ್ಲಿ ವ್ಯರ್ಥವಾದ ಸಮಯ

ಬೆಳಕು ಹರಿಯುವ ಮುಂಚೆ ಅವಳು ಮಾಡುವ ಕೆಲಸಗಳು ಇವು: ಅತ್ತೆಯನ್ನು ಎಡಮಗ್ಗುಲಿನಿಂದ ಬಲಮಗ್ಗುಲಿಗೆ ಹೊರಳಿಸುವುದು. ಬೆನ್ನಿಗೆ ಪುಡಿ ಹಾಕಿ, ಎಲ್ಲಾದರೂ ಕೆಂಪಗಾಗಿದೆಯೇ ಎಂದು ದೀಪ ಹಿಡಿದು ನೋಡುವುದು. ಅತ್ತೆಯನ್ನು ಮಂಚದಿಂದ ಇಳಿಸದೆ, ಅವರ ಬೈಗುಳ ಕೇಳಿಸಿಕೊಳ್ಳುತ್ತ, ಒದ್ದೆ ಹಾಸನ್ನು ಎಳೆದು ಒಣ ಹಾಸು ಸೇರಿಸುವುದು. ಒದ್ದೆಯದನ್ನು ಬಕೆಟ್ಟಿನಲ್ಲಿ ನೆನೆಹಾಕುವುದು. ನೀರು ಕಾಯಿಸುವುದು. ಅಕ್ಕಿ ತೊಳೆದು ತರಕಾರಿ ಹೆಚ್ಚುವುದು. ಹಾಲು ಉಕ್ಕದಂತೆ ಒಂದು ಕಣ್ಣಿಟ್ಟುಕೊಂಡೇ ಗಂಡನ ಅಂಗಿಗೆ ಕಿತ್ತುಹೋದ ಗುಂಡಿ ಹಾಕುವುದು. ಎರಡು ಡಬ್ಬಿ ಕಟ್ಟಿ, ಅತ್ತೆಯ ಮಧ್ಯಾಹ್ನದ ಗಂಜಿಯನ್ನು ಫ್ಲಾಸ್ಕಿಗೆ ಸುರಿಯುವುದು. ಇಷ್ಟೂ ಆದಮೇಲೆ ಗಂಡ ಎದ್ದು, ಆಕಳಿಸಿ, "ಇನ್ನೂ ಚಹಾ ಆಗ್ಲಿಲ್ವಾ?" ಎನ್ನುವುದನ್ನು ಕೇಳಿಸಿಕೊಳ್ಳುವುದು. ಕೊನೆಯದೂ ಒಂದು ಕೆಲಸವೇ. ಎಷ್ಟೋ ಹೆಂಗಸರು ಪಟ್ಟಿ ಮಾಡುವಾಗ ಅದನ್ನು ಬರೆಯಲು ಮರೆಯುತ್ತಾರೆ.

ಈ ಪಟ್ಟಿ ಮುಗಿಸಿ ಅವಳು ಹತ್ತೊಂಬತ್ತು ವರ್ಷ ಕೆಲಸಕ್ಕೆ ಹೋದಳು. ಅಲ್ಲಿ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ, ಬೇರೆಯವರ ಮನೆಗಳಲ್ಲಿ. ಅವಳು ಇದ್ದುದು ಬಡಾವಣೆಯ ಆರೋಗ್ಯ ಕೇಂದ್ರದ ತುರ್ತು ತಂಡದಲ್ಲಿ. ಮೈಯ ತುರ್ತಲ್ಲ, ಮನಸ್ಸಿನ ತುರ್ತು. ಯಾರಾದರೂ ಬಾಗಿಲು ಹಾಕಿಕೊಂಡು ತೆಗೆಯದಿದ್ದರೆ, ತಾರಸಿಯ ಅಂಚಿನಲ್ಲಿ ಹೋಗಿ ಕೂತರೆ, ಇಲ್ಲದವರ ಜೊತೆ ಜಗಳವಾಡುತ್ತಿದ್ದರೆ ಮನೆಯವರು ಕೇಂದ್ರಕ್ಕೆ ಫೋನ್ ಮಾಡುತ್ತಿದ್ದರು. ತಂಡವೆಂದರೆ ಒಂದು ಹಳೆಯ ವ್ಯಾನು, ಒಬ್ಬ ಡ್ರೈವರು, ಒಬ್ಬ ನರ್ಸು ಮತ್ತು ಅವಳು. ಡ್ರೈವರು ವ್ಯಾನನ್ನು ಎರಡು ಮನೆ ಹಿಂದೆಯೇ ನಿಲ್ಲಿಸುತ್ತಿದ್ದ, ಯಾರ ಮನೆಗೆ ಬಂದದ್ದೆಂದು ಬೀದಿಗೆ ತಿಳಿಯದಿರಲಿ ಎಂದು. ನರ್ಸು ಔಷಧಿ ಚೀಲ ಹಿಡಿದು ಮರೆಯಲ್ಲಿ ಕಾಯುತ್ತಿದ್ದಳು. ಇವಳು ಹೋಗಿ ಮುಚ್ಚಿದ ಬಾಗಿಲ ಮುಂದೆ ನೆಲದ ಮೇಲೆ ಕೂರುತ್ತಿದ್ದಳು. ಅದಕ್ಕೇ ಎಲ್ಲರ ಬಾಯಲ್ಲಿ ಅವಳು ಬಾಗಿಲಕ್ಕ.

ಈ ವಿದ್ಯೆಯನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಮೊದಲು ಆಸ್ಪತ್ರೆಯ ಆಯಾ ಆಗಿದ್ದಳು. ಒಮ್ಮೆ ಡಾಕ್ಟರರು, "ಗಟ್ಟಿ ಮೈಯಿನವಳು, ಹಿಡ್ಕೊಳ್ಳೋಕೆ ಬೇಕಾಗ್ತಾಳೆ" ಎಂದು ಒಂದು ಮನೆಗೆ ಕರೆದೊಯ್ದರು. ಒಳಗಿದ್ದ ಹೆಂಗಸು ಬಾಗಿಲು ತೆಗೆಯಲಿಲ್ಲ. ಡಾಕ್ಟರರು ಗದರಿಸಿದರು, ಪುಸಲಾಯಿಸಿದರು, ಗಡಿಯಾರ ನೋಡಿಕೊಂಡರು. ಮೆಟ್ಟಿಲ ಮೇಲೆ ಯಾರೋ ಅರ್ಧಕ್ಕೆ ಬಿಟ್ಟುಹೋದ ಬಟಾಣಿಯ ಬುಟ್ಟಿ ಇತ್ತು. ಆಯಾ ಸುಮ್ಮನೆ ಕೂರಲಾರದೆ ಕಾಯಿ ಸುಲಿಯತೊಡಗಿದಳು. ಕೈ ಒರಟು, ಕಾಳೆಲ್ಲ ನೆಲಕ್ಕೆ ಚೆಲ್ಲಾಪಿಲ್ಲಿ. ಸ್ವಲ್ಪ ಹೊತ್ತಿಗೆ ಕಿಟಕಿ ತೆರೆಯಿತು. "ಹಾಗಲ್ಲಮ್ಮ ಸುಲಿಯೋದು! ಬೆನ್ನು ಒತ್ತಬೇಕು, ಬೆನ್ನು!" ಎಂದಿತು ಒಳಗಿನ ದನಿ. ಅವತ್ತು ಅವಳಿಗೆ ಒಂದು ಗುಟ್ಟು ಸಿಕ್ಕಿತು. ಸಹಾಯಕ್ಕೆ ಬಂದವರಿಗೆ ಬಾಗಿಲು ತೆಗೆಯದವರು ತಪ್ಪು ತಿದ್ದುವುದಕ್ಕೆ ಕಿಟಕಿಯನ್ನಾದರೂ ತೆಗೆಯುತ್ತಾರೆ.

ಆಮೇಲಿನ ಹತ್ತೊಂಬತ್ತು ವರ್ಷದ ದಿನಚರಿ ಪುಸ್ತಕಗಳಲ್ಲಿ, 'ಮಾಡಿದ ಕೆಲಸ' ಎಂಬ ಕಾಲಮಿನಲ್ಲಿ, ಅವಳ ಗುಂಡನೆಯ ಅಕ್ಷರಗಳಿವೆ. 'ಒಣಗಿದ ಬಟ್ಟೆ ಮಡಚಿದೆವು, ಇಬ್ಬರೂ.' 'ಪಾತ್ರೆ ತೊಳೆದೆ. ಅವರು ಒರೆಸಿದರು. ಆಮೇಲೆ ಅತ್ತರು.' 'ಬಲ್ಬು ಬದಲಾಯಿಸಿದೆ.' 'ಏನೂ ಮಾಡಲಿಲ್ಲ, ಜೊತೆಗೆ ಕೂತಿದ್ದೆ.'

ಈ ಪುಸ್ತಕಗಳನ್ನು ಒಬ್ಬ ಸಲಹೆಗಾರ ಬಂದು ಓದಿದ. ಬಂದಿದ್ದು ಸೇವೆಯ ಪುನರ್ರಚನೆಗೆ. ಚಿಕ್ಕ ವಯಸ್ಸು, ಮಡಿಕೆ ಕೆಡದ ಪ್ಯಾಂಟು, ಎಲ್ಲರಿಗೂ ನಗುಮುಖ. ಎರಡು ವಾರ ಕೂತು ಲೆಕ್ಕ ಹಾಕಿ ಸಭೆ ಕರೆದು ಗೋಡೆಯ ಮೇಲೆ ಒಂದು ಚಿತ್ರ ತೋರಿಸಿದ. ದುಂಡನೆಯ ಚಿತ್ರದಲ್ಲಿ ದೊಡ್ಡದೊಂದು ಕೆಂಪು ಹೋಳು. ಅದರ ಕೆಳಗೆ, 'ಭೇಟಿಯ ಅವಧಿಯಲ್ಲಿ ಮನೆಗೆಲಸದಲ್ಲಿ ವ್ಯರ್ಥವಾದ ಸಮಯ: ಶೇಕಡ ಅರವತ್ತೆರಡು.'

ಹಿಂದಿನ ಸಾಲಿನಿಂದ ಬಾಗಿಲಕ್ಕ ಎದ್ದು ನಿಂತಳು.

"ಸಾರ್, ಒಂದು ಮಾತು. ಆ ಮನೆಗೆಲಸ ನಿಂತುಹೋಗಿದ್ದಕ್ಕೇ ಅಲ್ವಾ ಅವರ ಮನೆಯವರು ನಮಗೆ ಫೋನ್ ಮಾಡಿದ್ದು?"

ಸಭೆ ನಕ್ಕಿತು. ಸಲಹೆಗಾರನೂ ನಕ್ಕ, ಅರ್ಥವಾಗದೆ. ಅವಳು ಹೇಳಿದ್ದು ನಗುವ ಮಾತಾಗಿರಲಿಲ್ಲ. ಗಂಡಸು ಕೂಗಾಡಿದರೆ ಮನೆಯವರು ಫೋನ್ ಮಾಡುತ್ತಾರೆ. ಹೆಂಗಸು ಒಳಗೊಳಗೇ ಎಷ್ಟು ತಿಂಗಳು ಬೆಂದರೂ ಯಾರೂ ಮಾಡುವುದಿಲ್ಲ. ಒಲೆ ಆರಿದ ದಿನ ಮಾಡುತ್ತಾರೆ. ಇದನ್ನು ಅವಳು ಪುಸ್ತಕದಿಂದ ಕಲಿತದ್ದಲ್ಲ, ಫೋನ್ ಎತ್ತಿ ಎತ್ತಿ ಕಲಿತದ್ದು.

"ನಮ್ಮ ಪುನರ್ಜನ್ಮ ಯಾವಾಗಂತೆ ಅಕ್ಕಾ?" ಎಂದು ಡ್ರೈವರಣ್ಣ ಹೊರಗೆ ಬಂದು ಕೇಳಿದ. ಪುನರ್ರಚನೆ ಅವನ ನಾಲಿಗೆಗೆ ಹೊರಳುತ್ತಿರಲಿಲ್ಲ.

"ಮೊದಲು ಸಾಯ್ಬೇಕಲ್ಲ ಅಣ್ಣಾ. ಅದರ ದಿನಾಂಕ ಹೇಳಿದಾರೆ, ಮುಂದಿನ ತಿಂಗಳು ಒಂದನೇ ತಾರೀಕು."

ಒಂದನೇ ತಾರೀಕು ಅವರ ತಂಡ ಇಲ್ಲವಾಯಿತು. ಊರಿನ ಉಳಿದ ಬಡಾವಣೆಗಳ ತಂಡಗಳನ್ನು, ಈ ಪ್ರಯೋಗ ಹೇಗಾಗುತ್ತದೋ ನೋಡಿಕೊಂಡು ಮುಚ್ಚುವುದೆಂದಾಯಿತು. ನರ್ಸು ಲಸಿಕೆಯ ವಿಭಾಗಕ್ಕೆ ಹೋದಳು. ಡ್ರೈವರಣ್ಣ ಅದೇ ವ್ಯಾನಿನಲ್ಲಿ ಕಚೇರಿಯ ಕಡತಗಳನ್ನು ಸಾಗಿಸತೊಡಗಿದ. ಬಾಗಿಲಕ್ಕನಿಗೆ ಮುಖ್ಯ ಕಚೇರಿಯ ಮೂರನೇ ಮಹಡಿಯಲ್ಲಿ, ಉದ್ದನೆಯ ಹಾಲಿನಲ್ಲಿ, ತಿರುಗುವ ಕುರ್ಚಿ, ಕಿವಿಗೆ ಹೆಡ್‌ಫೋನು ಮತ್ತು ಹದಿನಾಲ್ಕು ಪ್ರಶ್ನೆಗಳ ಒಂದು ಪಟ್ಟಿ ಸಿಕ್ಕಿದವು. ಫೋನ್ ಮಾಡಿದವರಿಗೆ ಪ್ರಶ್ನೆಗಳನ್ನು ಕ್ರಮವಾಗಿ ಓದಬೇಕು, 'ಹೌದು' ಅಥವಾ 'ಇಲ್ಲ' ಒತ್ತಬೇಕು. ಮುಂದಿನದು ಕಂಪ್ಯೂಟರಿನ ತೀರ್ಮಾನ. ಪರದೆ ಹಸಿರಾದರೆ ಸಮಾಧಾನದ ಮಾತು, ಹಳದಿಯಾದರೆ ಡಾಕ್ಟರ ಬಳಿ ಬರಲು ದಿನ ಗೊತ್ತುಮಾಡುವುದು, ಕೆಂಪಾದರೆ ಪೊಲೀಸ್ ವ್ಯಾನು.

"ಅಡುಗೆ ಆಯ್ತಾ?" ಎಂದು ಕೇಳುವುದು ಅವಳಿಗೆ ಅಭ್ಯಾಸ. ಊಟ ಮಾಡಿದವರು ಯಾರು, ಮಾಡದವರು ಯಾರು, ಒಲೆಯ ಮುಂದೆ ಈಗ ಯಾರಿದ್ದಾರೆ, ಎಲ್ಲ ಆ ಒಂದು ಪ್ರಶ್ನೆಯಲ್ಲಿ ತಿಳಿಯುತ್ತಿತ್ತು. ಹದಿನಾಲ್ಕರಲ್ಲಿ ಅದಿರಲಿಲ್ಲ. ಕೇಳಿದಳು. ಪಕ್ಕದ ಸೀಟಿನ ಮೇಲ್ವಿಚಾರಕಿ, ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕ ಹುಡುಗಿ, ಕೈ ಮುಗಿಯುವಂತೆ ಹೇಳಿದಳು, "ಅಕ್ಕಾ, ಪ್ಲೀಸ್, ಮಾತೆಲ್ಲ ರೆಕಾರ್ಡ್ ಆಗ್ತಿದೆ. ಪಟ್ಟೀಲಿ ಇರೋದು ಮಾತ್ರ ಕೇಳಿ."

ಗಂಡನಿಗೆ ಮಾತ್ರ ಪುನರ್ರಚನೆ ಬಲು ಮೆಚ್ಚಿಗೆಯಾಯಿತು. ಅವನು ಸರ್ವೇ ಕಚೇರಿಯಲ್ಲಿ ನಕಾಶೆ ಬರೆಯುವವನು. ಯಾವುದು ಎಷ್ಟು ಜಾಗ ಹಿಡಿಯುತ್ತದೆಂದು ಅಳೆಯುವುದು ಅವನಿಗೆ ಗೊತ್ತು. ಹೆಂಡತಿ ಈಗ ಐದೂವರೆಗೆ ಸರಿಯಾಗಿ ಮನೆ ಸೇರುತ್ತಾಳೆಂದು ತಿಳಿದ ಕೂಡಲೇ, ಸಂಜೆ ಎರಡು ಗಂಟೆ ಹೊತ್ತು ಅತ್ತೆಯನ್ನು ನೋಡಿಕೊಳ್ಳಲು ಬರುತ್ತಿದ್ದ ಹೆಂಗಸಿಗೆ, "ಇನ್ನು ಬೇಡಮ್ಮ" ಎಂದುಬಿಟ್ಟ. ಇಲಾಖೆ ಉಳಿಸಿದ ಸಮಯವನ್ನು ಮನೆ ಅದೇ ವಾರ ನುಂಗಿತು.

"ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದಳು.

"ಕೇಳೋದೇನು ಬಂತು? ನೀನು ಹೇಗೂ ಮನೇಲೇ ಇರ್ತೀಯಲ್ಲ."

ಮಂಚದಿಂದ ಅತ್ತೆ ದನಿ ಕೂಡಿಸಿದರು, "ಆ ಹೆಂಗಸಿನ ಕೈ ಮಂಜುಗಡ್ಡೆ ಕಣೇ. ನಿನ್ನ ಕೈ ಬಾಣಲೆ ಥರ ಕಾದಿರುತ್ತೆ, ಆದ್ರೂ ವಾಸಿ." ಅತ್ತೆಯ ಹೊಗಳಿಕೆ ಅಷ್ಟರಮಟ್ಟಿಗೆ.

ಹೊಸ ಕೆಲಸದ ಇಪ್ಪತ್ತಮೂರನೆಯ ದಿನ, ಬೆಳಿಗ್ಗೆ ಹತ್ತೂಕಾಲರ ಹೊತ್ತಿಗೆ, ಒಬ್ಬ ಗಂಡಸು ಫೋನ್ ಮಾಡಿದ. ದನಿ ಕೇಳಿದೊಡನೆ ಬಾಗಿಲಕ್ಕನಿಗೆ ಗುರುತು ಸಿಕ್ಕಿತು. ಮಾರುಕಟ್ಟೆಯ ಹಿಂದಿನ ಓಣಿಯ ಟೈಲರಮ್ಮನ ಗಂಡ. ಎರಡು ಸಲ ಆ ಮನೆಯ ಬಾಗಿಲಲ್ಲಿ ಅವಳು ಕೂತಿದ್ದಳು. ಟೈಲರಮ್ಮನಿಗೆ ನಿದ್ದೆ ತಪ್ಪಿದರೆ ಮನಸ್ಸು ಹಳಿ ತಪ್ಪುತ್ತಿತ್ತು.

"ಬೆಳಿಗ್ಗೆಯಿಂದ ಬಾಗಿಲು ಹಾಕ್ಕೊಂಡಿದಾಳೆ. ಒಲೆ ಹಚ್ಚಿಲ್ಲ. ಕೂಗಿದ್ರೆ ಓ ಅನ್ನಲ್ಲ."

ಅವಳು ಪಟ್ಟಿಯನ್ನು ಓದುತ್ತ ಹೋದಳು. ಒಂದು, ಎರಡು, ಮೂರು. ಆರನೆಯ ಪ್ರಶ್ನೆ: 'ವ್ಯಕ್ತಿಯ ಕೈಯಲ್ಲಿ ಹರಿತವಾದ ವಸ್ತುವಿದೆಯೇ?'

"ಇದೆಯಲ್ಲ. ಕತ್ತರಿ."

ಕತ್ತರಿ ಇದೆ ಎಂದಮೇಲೆ 'ಹೌದು'. ಇಪ್ಪತ್ತಮೂರು ದಿನದಲ್ಲಿ ಪಳಗಿದ ಬೆರಳು 'ಹೌದು' ಒತ್ತಿತು. ಪರದೆ ಕೆಂಪಾಯಿತು. ಒತ್ತಿದ ಮೇಲೆ ಅವಳಿಗೆ ಹೊಳೆಯಿತು, ಟೈಲರಮ್ಮನ ಕೈಯಲ್ಲಿ ಕತ್ತರಿ ಇರದೆ ಸೌಟು ಇರುತ್ತದೆಯೇ? ಆಕೆಯ ಕೈಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಕತ್ತರಿಯೇ. ಕತ್ತರಿ ಇಲ್ಲದ ದಿನ ಹೆದರಬೇಕು.

"ಇದನ್ನ ಹಿಂದಕ್ಕೆ ತಗೊಳ್ಳಮ್ಮ, ಬೇಗ! ಅವಳು ಟೈಲರ್ ಕಣೇ!"

ಮೇಲ್ವಿಚಾರಕಿ ಎದ್ದು ಬಂದು ಪರದೆಯನ್ನು ನೋಡಿದಳು, ಎರಡು ಮೂರು ಕಡೆ ಒತ್ತಿದಳು. ಅವಳ ಮುಖ ಸಪ್ಪಗಾಯಿತು. "ಕೆಂಪಾದಮೇಲೆ ಬದಲಾಯಿಸೋಕೆ ಆಗಲ್ಲ ಅಕ್ಕಾ. ವ್ಯಾನು ಹೊರಟೇಬಿಟ್ಟಿರುತ್ತೆ."

ಬಾಗಿಲಕ್ಕ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. "ಅಕ್ಕಾ, ಸೀಟು ಬಿಟ್ಟು ಹೋಗೋ ಹಾಗಿಲ್ಲ!" ಎಂದು ಹುಡುಗಿ ಕೂಗುವಷ್ಟರಲ್ಲಿ ಎರಡು ಮಹಡಿ ಇಳಿದಿದ್ದಳು. ಕೆಳಗೆ ಡ್ರೈವರಣ್ಣ ಕಡತಗಳನ್ನು ಇಳಿಸುತ್ತಿದ್ದ.

"ಅಣ್ಣಾ, ಟೈಲರಮ್ಮನ ಮನೆ."

"ಇಷ್ಟು ಕಾಗದ ಒಳಗಿಟ್ಟು..."

"ಕಾಗದ ಎಲ್ಲಿಗೂ ಹೋಗಲ್ಲ. ಹತ್ತು."

ಆ ಓಣಿಯಲ್ಲಿ ಒಂದು ವ್ಯಾನು ಹೊಕ್ಕರೆ ಇನ್ನೊಂದಕ್ಕೆ ಜಾಗವಿಲ್ಲ. ಅವರು ಓಣಿಯ ಬಾಯಿಗೆ ಬಂದಾಗ ಮುಂದಿನಿಂದ ಸೈರನ್ನಿನ ಕೂಗು ಕೇಳಿಸಿತು. ಉದ್ದಕ್ಕೆ, ಎರಡು ಸಲ. ಬಾಗಿಲಕ್ಕ ಇಳಿದು ಓಡಿದಳು. ಮನೆಯ ಮುಂದೆ ಪೊಲೀಸ್ ವ್ಯಾನು, ಅದರ ತಲೆಯ ಮೇಲೆ ನೀಲಿ ದೀಪ ಗಿರಗಿರ. ಮಾಳಿಗೆಗಳ ಮೇಲೆ, ಮೆಟ್ಟಿಲುಗಳ ಮೇಲೆ, ಎಲ್ಲ ಕಡೆ ಜನ. ಮುಂಭಾಗದ ಹೊಲಿಗೆ ಅಂಗಡಿಯನ್ನು ದಾಟಿದರೆ ಒಳಕೋಣೆಯ ಬಾಗಿಲು. ಅದರ ಮುಂದೆ ಇಬ್ಬರು ಪೊಲೀಸರು. ಚಿಕ್ಕವನ ಕೈಯಲ್ಲಿ ಕಬ್ಬಿಣದ ಸರಳು, ಬೀಗ ಮೀಟಲು. ಇನ್ನೊಬ್ಬ ಮೀಸೆ ನರೆತ ದಫೇದಾರ.

"ನೀವು ಯಾರಮ್ಮ?"

"ಇಲ್ಲಿ ಕೂರೋಳು." ಅವಳು ಆಗಲೇ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಾಗಿತ್ತು. "ಸರಳು ಹಾಕೋದಾದ್ರೆ ಮೊದಲು ನನ್ನನ್ನ ಎತ್ತಬೇಕಾಗುತ್ತೆ. ಎಪ್ಪತ್ತೆಂಟು ಕೇಜಿ ಇದೀನಿ, ನೋಡ್ಕೊಳ್ಳಿ."

ದಫೇದಾರ ಮೀಸೆಯಡಿ ನಕ್ಕನೋ ಇಲ್ಲವೋ ತಿಳಿಯಲಿಲ್ಲ. "ಒಳಗೆ ಆಯುಧ ಇದೆ ಅಂತ ಬಂದಿದೆ."

"ಆಯುಧ ಅಲ್ಲ ಸ್ವಾಮಿ, ಕಸುಬು. ಆ ದೀಪ ಆರಿಸೋಕೆ ಹೇಳಿ. ಹತ್ತು ನಿಮಿಷ ಕೊಡಿ."

ಹತ್ತು ನಿಮಿಷ ಸಿಕ್ಕಿತು. ಅವಳು ಕಿವಿಯನ್ನು ಹಲಗೆಗೆ ಹಚ್ಚಿ ಕೇಳಿದಳು. ಒಳಗೆ ಕತ್ತರಿಯ ಸದ್ದಿತ್ತು. ಬಟ್ಟೆ ಸೀಳುವ ಉದ್ದ ಸದ್ದಲ್ಲ. ಟಿಕ್. ಟಿಕ್. ಮತ್ತೆ ಟಿಕ್. ನಡುವೆ ದಾರ ಎಳೆಯುವಷ್ಟು ಬಿಡುವು.

"ಹೊಲಿಗೆ ಬಿಚ್ತಾ ಇದೀರಾ?" ಎಂದು ಕೇಳಿದಳು.

ಸದ್ದು ನಿಂತಿತು. ಒಳಗಿನಿಂದ ದನಿ ಬಂತು. "ಕಾಲರು ಎಲ್ಲಾ ತಿರುವುಮುರುವು ಕೂತಿದೆ."

"ಎಷ್ಟು ಅಂಗಿ?"

"ಅರವತ್ತು. ಸ್ಕೂಲಿನವು. ಮಲಗಿದ್ರೆ ಮುಗಿಯಲ್ಲ ಅಂತ ಮಲಗಲಿಲ್ಲ. ಮಲಗೋಣ ಅಂದ್ರೆ ಮಿಷನ್ ಬಿಡಲ್ಲ. ಕರೀತಾನೇ ಇರುತ್ತೆ."

"ಏನಂತ ಕರೆಯುತ್ತೆ?"

"ಬೇಗ ಬೇಗ ಬೇಗ ಬೇಗ. ಕಾಲು ತೆಗೆದ್ರೂ ಅನ್ನುತ್ತೆ."

ಚಿಕ್ಕ ಪೊಲೀಸ್ ಪಕ್ಕನೆ ನಕ್ಕ. ದಫೇದಾರ ಅವನ ಕಾಲು ತುಳಿದ. ಬಾಗಿಲಕ್ಕ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. "ಬಾಗಿಲ ಕೆಳಗಿಂದ ಒಂದು ಅಂಗಿ ತಳ್ಳಿ. ನಾನೂ ಬಿಚ್ತೀನಿ. ಇಬ್ಬರಾದ್ರೆ ಮೂವತ್ತು ಮೂವತ್ತು."

ಬಿಳಿ ಅಂಗಿಯ ಒಂದು ತೋಳು ಹೊಸಿಲಿನ ಸಂದಿಯಿಂದ ಹೊರಬಂತು, ಆಮೇಲೆ ಮೈ. ಅದರ ಮೇಲೆ ರಕ್ತದ ಕಲೆ, ಹೆಬ್ಬೆರಳಗಲ, ಇನ್ನೂ ಹಸಿ. ಬಾಗಿಲಕ್ಕ ದಫೇದಾರನ ಕಡೆ ನೋಡಿದಳು. ಅವನೂ ನೋಡಿದ್ದ.

"ಕೈಗೇನಾಯ್ತು?"

"ಅದೇನೋ ಕೂಗ್ಕೊಂಡಿತಲ್ಲ ಹೊರಗೆ. ಬೆಚ್ಚಿಬಿದ್ದೆ. ಕೈ ಜಾರ್ತು."

ಬಾಗಿಲಕ್ಕನ ಬಲಗೈ ತೋರುಬೆರಳು ತಾನಾಗಿ ಮಡಚಿಕೊಂಡಿತು. 'ಹೌದು' ಒತ್ತಿದ ಬೆರಳು.

"ಒಂದು ಬಟ್ಟೆ ಬಿಗಿಯಾಗಿ ಕಟ್ಕೊಳ್ಳಿ. ಕೈ ಮೇಲಕ್ಕೆತ್ತಿ ಇಟ್ಕೊಳ್ಳಿ. ನಾನು ಬಿಚ್ತಿದೀನಿ." ದಾರ ಕತ್ತರಿಸಲು ಅವಳ ಬಳಿ ಏನೂ ಇರಲಿಲ್ಲ. ದಫೇದಾರ ಜೇಬು ತಡಕಿ, ಬೀಗದಕೈ ಗೊಂಚಲಿನಿಂದ ಉಗುರು ಕತ್ತರಿಸುವ ಕಟ್ಟರನ್ನು ಬಿಡಿಸಿ ಕೊಟ್ಟ. ಅದರಲ್ಲೇ ಒಂದೊಂದು ಹೊಲಿಗೆ ಕಚ್ಚುತ್ತ ಕೂತಳು. ಅವಸರಕ್ಕೆ ಒಂದು ಕಡೆ ಬಟ್ಟೆ ಪರ್ ಎಂದಿತು.

ಒಳಗಿನಿಂದ ತಕ್ಷಣ ದನಿ ಬಂತು, "ನಿಧಾನ! ಹರಿದುಹೋಗುತ್ತೆ. ಯಾಕಷ್ಟು ಅವಸರ? ನಿಧಾನವಾಗಿ ಬಿಚ್ಚಿ."

"ನಿಧಾನ ಅಂತೀರಾ?"

"ಹೂಂ. ನಿಧಾನ." ಆ ಮಾತನ್ನು ತಾನೇ ಹೇಳಿದ್ದು ಕೇಳಿ ಟೈಲರಮ್ಮನಿಗೆ ಏನನ್ನಿಸಿತೋ, ಬಿಕ್ಕುವ ಸದ್ದು ಕೇಳಿಸಿತು. ಅದಾಗಿ ಬಹಳ ಹೊತ್ತಿಗೆ ಚಿಲಕ. ಹತ್ತು ನಿಮಿಷ ಐವತ್ತಾಗಿತ್ತು. ದಫೇದಾರ ಗಡಿಯಾರ ನೋಡಿರಲಿಲ್ಲ.

ಟೈಲರಮ್ಮ ಕತ್ತರಿಯನ್ನು ಹಿಡಿಯ ಕಡೆಯಿಂದ ಚಾಚಿ ಕೊಟ್ಟಳು, ಕಸುಬಿನವರು ಕೊಡುವ ರೀತಿ. ಹೆಬ್ಬೆರಳಿನ ಬುಡ ಆಳವಾಗಿ ಕುಯ್ದುಹೋಗಿತ್ತು. ಪೊಲೀಸ್ ವ್ಯಾನಿಗಲ್ಲ, ಕಡತಗಳ ವ್ಯಾನಿಗೆ, ಮುಂದಿನ ಸೀಟಿಗೆ ಅವಳನ್ನು ಹತ್ತಿಸಿದರು. ಟೈಲರಮ್ಮನ ಗಂಡ ಹಿಂದೆಯೇ ಓಡಿಬಂದ.

"ಎಷ್ಟು ದಿನ ಆಗುತ್ತೆ? ಅಂಗಿ ಸೋಮವಾರಕ್ಕೆ ಕೊಡ್ಬೇಕು. ಆರ್ಡರ್ ನಾನು ಒಪ್ಕೊಂಡುಬಿಟ್ಟಿದೀನಿ."

"ನೀವು ಒಪ್ಕೊಂಡಿದ್ರೆ ನೀವೇ ಹೊಲೀರಿ," ಎಂದಳು ಬಾಗಿಲಕ್ಕ. "ಸೂಜಿ ಗಂಡಸರ ಕೈಯಲ್ಲೂ ನಿಲ್ಲುತ್ತೆ. ಹಿಡಿದ ಕೈ ಯಾರದು ಅಂತ ಅದು ಕೇಳಲ್ಲ."

ಹೆಬ್ಬೆರಳಿಗೆ ಏಳು ಹೊಲಿಗೆ ಬಿದ್ದವು. ನರಕ್ಕೆ ತಗುಲಿದೆ, ಕತ್ತರಿ ಹಿಡಿಯುವುದು ಯಾವಾಗಲೋ ಹೇಳಲಾಗದು ಎಂದರು ಆಸ್ಪತ್ರೆಯಲ್ಲಿ. ಔಷಧಿ ಕೊಟ್ಟ ಮೇಲೆ ಟೈಲರಮ್ಮ ಹದಿನೆಂಟು ಗಂಟೆ ನಿದ್ದೆ ಮಾಡಿದಳು.

ಮರುದಿನ ಮುಖ್ಯ ಕಚೇರಿಯ ಸಾಹೇಬರು ಕರೆದರು. ಬಾಗಿಲಕ್ಕ ಬೈಗುಳಕ್ಕೆ ಸಿದ್ಧಳಾಗಿ ಹೋದರೆ, ಸಾಹೇಬರು ಎದ್ದು ನಿಂತು ಕುರ್ಚಿ ತೋರಿಸಿದರು. ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ ಇತ್ತು, ಅವಳ ಹೇಳಿಕೆ ಎಂಬ ತಲೆಬರಹದಡಿ. ಅವಳು ಹೇಳದೆಯೇ ತಯಾರಾದ ಹೇಳಿಕೆ.

"ಓದಿ ನೋಡಿಮ್ಮ. ಹನ್ನೊಂದು ನಿಮಿಷದಲ್ಲಿ ವಾಹನ ತಲುಪಿದೆ. ಹಿಂದೆ ನಿಮ್ಮ ತಂಡಕ್ಕೆ ನಲವತ್ತು ಆಗ್ತಿತ್ತು. ನೀವು ಹೋಗಿದ್ದನ್ನೂ ವ್ಯವಸ್ಥೆಯ ಭಾಗ ಅಂತಲೇ ಬರೆದಿದೀವಿ. ಸೀಟು ಬಿಟ್ಟ ವಿಷಯ ಎತ್ತಿಲ್ಲ."

ಅವಳು ನಿಧಾನವಾಗಿ ಓದಿದಳು. ಏಳನೆಯ ಸಾಲಿನ ಮೇಲೆ ಬೆರಳಿಟ್ಟಳು. 'ವ್ಯಕ್ತಿಯ ಕೈಗೆ ಆಗಿದ್ದ ಗಾಯವು ವಾಹನ ಸ್ಥಳಕ್ಕೆ ತಲುಪುವ ಮುನ್ನವೇ ಆಗಿತ್ತು.'

"ಇದು ಸುಳ್ಳು ಸಾರ್."

"ನೀವು ಒಳಗಿದ್ರಾ? ಇಲ್ಲ ತಾನೇ? ನಾನೂ ಇರಲಿಲ್ಲ."

"ರಕ್ತ ಹಸಿಯಾಗಿತ್ತು. ಟೈಲರಮ್ಮನೇ ಹೇಳಿದ್ರು. ದಫೇದಾರರೂ ಕೇಳಿಸ್ಕೊಂಡಿದಾರೆ."

"ಮನಸ್ಸು ಸ್ವಾಧೀನದಲ್ಲಿ ಇಲ್ಲದವರ ಮಾತು, ಅಲ್ವಾ?" ಸಾಹೇಬರು ಮೃದುವಾಗಿಯೇ ಹೇಳಿದರು. "ನೋಡಿ, ಪುನರ್ರಚನೆ ಸಮಿತಿ ಮುಂದಿನ ವಾರ ಕೂರುತ್ತೆ. ಈ ಪ್ರಯೋಗ ಗೆದ್ದಿದೆ ಅಂದ್ರೆ ಎಲ್ಲಾ ಬಡಾವಣೆಗಳಿಗೂ ಇದೇ ಪದ್ಧತಿ. ಆಗ ಮೂರನೇ ಮಹಡಿಗೆ ಅನುಭವ ಇರೋ ಮೇಲ್ವಿಚಾರಕಿ ಬೇಕಾಗ್ತಾರೆ. ಬೆಳಿಗ್ಗೆ ಹತ್ತರಿಂದ ಐದು. ನಿಮ್ಮತ್ತೆಯವರಿಗೆ ಹುಷಾರಿಲ್ವಂತಲ್ಲ, ಕೇಳ್ದೆ. ನಾಳೆ ಹತ್ತು ಗಂಟೆಗೆ ರುಜು ಹಾಕಿ ತನ್ನಿ. ಇಲ್ಲಾಂದ್ರೆ ಸೀಟು ಬಿಟ್ಟಿದ್ದಕ್ಕೆ ನಾನು ನೋಟಿಸ್ ಕೊಡಲೇಬೇಕಾಗುತ್ತೆ. ಆಮೇಲೆ ಕೆಲಸದ ಮಾತು ನನ್ನ ಕೈಲಿ ಇರಲ್ಲ."

ಸುಳ್ಳನ್ನು ಒಪ್ಪಿದರೆ ಆ ಕುರ್ಚಿ ಅವಳದು, ಉಳಿದ ಬಡಾವಣೆಗಳ ತಂಡಗಳೂ ಇಲ್ಲವಾಗುತ್ತವೆ. ಒಪ್ಪದಿದ್ದರೆ ಕೆಲಸ ಅವಳದಲ್ಲ. ಇಷ್ಟು ಸರಳವಾಗಿ ಅವಳ ಬದುಕಿನಲ್ಲಿ ಯಾವುದೂ ಎರಡಾಗಿ ಸೀಳಿರಲಿಲ್ಲ.

ಹೊರಗೆ ಡ್ರೈವರಣ್ಣ ಕಾಯುತ್ತಿದ್ದ. ಹಾಳೆಯನ್ನು ಓದಿ ಕಿವಿ ಕೆರೆದುಕೊಂಡ.

"ಹಾಕ್ಬಿಡು ಅಕ್ಕಾ. ನೀನು ಮೇಲ್ವಿಚಾರಕಿ ಆದ್ರೆ ಒಳಗಿಂದಲೇ ಸರಿ ಮಾಡಬಹುದು. ಹದಿನಾಲ್ಕು ಪ್ರಶ್ನೆ ಜೊತೆಗೆ ಹದಿನೈದನೇದು ಸೇರಿಸು, ಅಡುಗೆ ಆಯ್ತಾ ಅಂತ."

"ಸುಳ್ಳಿನ ಮೇಲೆ ಕೂತು ಪ್ರಶ್ನೆ ಕೇಳ್ಲಾ?"

"ಮತ್ತೆ ನೆಲದ ಮೇಲೆ ಕೂತು ಇಷ್ಟು ವರ್ಷ ಏನು ಸಿಕ್ತು? ಮಂಡಿನೋವು." ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವನಿಗೂ ಮಂಡಿನೋವಿತ್ತು.

ಸಂಜೆ ಗಂಡ ಹಾಳೆಯನ್ನು ಎರಡು ಸಲ ಓದಿದ. "ಇದರಲ್ಲಿ ತಪ್ಪೇನಿದೆ? ಮುಂಚೆ ಆಯ್ತೋ ಆಮೇಲೆ ಆಯ್ತೋ, ಗಾಯ ಅಂತೂ ಆಗಿದೆ. ನೀನು ಬರೆಯೋದ್ರಿಂದ ವಾಸಿಯಾಗುತ್ತಾ?"

"ನಿಮ್ಮ ನಕಾಶೇಲಿ ಒಂದು ಗಡಿಕಲ್ಲನ್ನ ಆಚೆ ಇಟ್ಟು ರುಜು ಹಾಕ್ತೀರಾ? ಕಲ್ಲು ಅಂತೂ ಇದೆಯಲ್ಲ."

ಗಂಡ ಹಾಳೆ ಕೆಳಗಿಟ್ಟು ಬೇರೆ ಕಡೆಯಿಂದ ಬಂದ. "ಕೆಲಸ ಹೋದ್ರೆ ಮನೇಲಿ ಕೂತ್ಕೋ. ನನಗೇನೂ ಬೇಜಾರಿಲ್ಲ."

"ಕೂರೋದಾ? ಈ ಮನೇಲಿ ನಾನು ಕೂತಿದ್ದು ಯಾವತ್ತು ನೋಡಿದೀರಿ?"

ಮಂಚದ ಮೇಲೆ ಅತ್ತೆ ಅಳುತ್ತಿದ್ದರು. ಸದ್ದಿಲ್ಲದ, ಮುದುಕರ ಅಳು. ಸೊಸೆ ಹೋಗಿ ಹತ್ತಿರ ಕೂತಳು. ಅತ್ತೆ ಅವಳ ಮಣಿಕಟ್ಟನ್ನು ಹಿಡಿದುಕೊಂಡರು.

"ಹಾಕೇ ಮಾರಾಯ್ತಿ ರುಜು. ಇದು ಹೋದ್ರೆ ಹೊತ್ತುಗೊತ್ತಿಲ್ಲದ ಇನ್ನೊಂದು ಕೆಲಸ ಹಿಡೀತೀಯ. ನೀನು ಐದೂವರೆಗೆ ಬರದಿದ್ರೆ ನನ್ನ ಬೆನ್ನು ನೋಡೋರು ಯಾರು? ಇವನಿಗೆ ನನ್ನನ್ನ ಮುಟ್ಟೋಕೂ ಬರಲ್ಲ. ನಾನೇ ಕಲಿಸಲಿಲ್ಲ, ನನ್ನ ತಪ್ಪು. ಯಾರೋ ಟೈಲರಿಗೋಸ್ಕರ ನನ್ನ ಕೊಳೆಯೋಕೆ ಬಿಡ್ತೀಯಾ?"

ಅತ್ತೆಯ ಭಯ ನಿಜವಾದದ್ದು. ಸಾಹೇಬರ ನಗುಮುಖಕ್ಕೆ, ಗಂಡನ ತರ್ಕಕ್ಕೆ ಎದುರು ಹೇಳುವುದು ಸುಲಭ. ಮೈ ಅಲುಗಿಸಲಾರದವಳ ಹಿಡಿತವನ್ನು ಬಿಡಿಸಿಕೊಳ್ಳುವುದು ಹಾಗಲ್ಲ. ಅವಳು ಆ ಬೆರಳುಗಳನ್ನು ಬಿಡಿಸಲಿಲ್ಲ. ಅತ್ತೆಗೆ ನಿದ್ದೆ ಬರುವವರೆಗೆ ಹಾಗೇ ಕೂತಿದ್ದಳು.

ಆಮೇಲೆ ಗಂಡನನ್ನು ಕರೆದಳು. "ಇಲ್ಲಿ ಬನ್ನಿ. ಒಂದು ಕೈ ಭುಜದ ಕೆಳಗೆ, ಒಂದು ಸೊಂಟದ ಕೆಳಗೆ. ಎಳೀಬೇಡಿ, ಹೊರಳಿಸಿ."

"ಈಗ ಯಾಕೆ? ನನಗೆ ಇದೆಲ್ಲ..."

"ನಿಮ್ಮಮ್ಮ. ಹಿಡೀರಿ."

ಅವನು ಹಿಡಿದ. ಮೊದಲ ಸಲ ಹಾಸು ಸಮೇತ ಎಳೆದ, ಅತ್ತೆ ನಿದ್ದೆಯಲ್ಲೇ ಬೈದರು. ಎರಡನೆಯ ಸಲ ಪರವಾಗಿಲ್ಲ ಅನ್ನುವಷ್ಟಾಯಿತು. ಅವಳು ಹೊಗಳಲಿಲ್ಲ. ಅವಳನ್ನು ಯಾರೂ ಹೊಗಳಿರಲಿಲ್ಲ.

ಮರುದಿನ ಒಂಬತ್ತೂವರೆಗೇ ಅವಳು ಮುಖ್ಯ ಕಚೇರಿಯ ಹಿಂಭಾಗದಲ್ಲಿ, ಸೈಕಲ್ ನಿಲ್ಲಿಸುವ ತಗಡಿನ ಚಪ್ಪರದ ಕೆಳಗಿನ ಬೆಂಚಿನ ಮೇಲೆ ಕೂತಿದ್ದಳು. ಬೇರೆ ಯಾರೂ ಬಂದಿರಲಿಲ್ಲ. ತೊಡೆಯ ಮೇಲೆ ಎರಡು ಹಾಳೆ. ಒಂದು ಟೈಪು ಮಾಡಿದ್ದು, ರುಜುವಿನ ಜಾಗ ಖಾಲಿ. ಇನ್ನೊಂದರಲ್ಲಿ ಅವಳ ಕೈಬರಹ, ಬೆಳಗಿನ ಜಾವ ಹಾಲು ಕಾಯುವ ಹೊತ್ತಿನಲ್ಲಿ ಬರೆದದ್ದು:

'ಆರನೇ ಪ್ರಶ್ನೆಗೆ ಹೌದು ಒತ್ತಿದವಳು ನಾನು. ಆಕೆ ಟೈಲರ್ ಎಂದು ನನಗೆ ಗೊತ್ತಿತ್ತು. ಅದನ್ನು ಬರೆಯಲು ಪರದೆಯಲ್ಲಿ ಜಾಗವಿರಲಿಲ್ಲ. ಸೈರನ್ ಕೂಗಿದ್ದರಿಂದ ಆಕೆ ಬೆಚ್ಚಿ ಕೈ ಕುಯ್ದುಕೊಂಡರು. ಗಾಯ ವಾಹನ ಬಂದ ಮೇಲೆ ಆದದ್ದು. ವಾಹನ ಹನ್ನೊಂದು ನಿಮಿಷದಲ್ಲಿ ಬಂತು. ಬಾಗಿಲು ತೆರೆಯಲು ಐವತ್ತು ನಿಮಿಷ ಬೇಕಾಯಿತು. ಆ ಐವತ್ತು ನಿಮಿಷ ನಾನು ಅಂಗಿಯ ಹೊಲಿಗೆ ಬಿಚ್ಚಿದೆ. ಅದು ವ್ಯರ್ಥ ಸಮಯವಲ್ಲ, ನನ್ನ ಕೆಲಸ. ಬಡಾವಣೆಯ ತಂಡಗಳನ್ನು ಮುಚ್ಚಬಾರದು. ನನ್ನನ್ನು ತೆಗೆಯುವುದಾದರೆ ಈ ಕಾರಣವನ್ನೇ ಬರೆದು ತೆಗೆಯಿರಿ.'

ಇದನ್ನು ಸಾಹೇಬರ ಕೈಗೆ ಕೊಟ್ಟರೆ ಏನಾಗುತ್ತದೆಂದು ಅವಳು ಬಲ್ಲಳು. ನಗುತ್ತಲೇ ಖಾನೆಗೆ ಹಾಕಿ ಬೀಗ ಹಾಕುತ್ತಾರೆ. ಆದರೆ ನೆಲಮಹಡಿಯಲ್ಲಿ ಟಪಾಲು ವಿಭಾಗವಿದೆ. ಅಲ್ಲಿ ಕೊಟ್ಟ ಕಾಗದಕ್ಕೆ ಮೊಹರು ಬೀಳುತ್ತದೆ, ಪುಸ್ತಕದಲ್ಲಿ ನಂಬರು ಏರುತ್ತದೆ, ಯಾರಿಗೆ ಬರೆದಿದೆಯೋ ಅವರ ಮುಂದೆ ಹೋಗಿಯೇ ತೀರುತ್ತದೆ. ಮೇಲ್ಭಾಗದಲ್ಲಿ ಅವಳು 'ಸಮಿತಿಯ ಅಧ್ಯಕ್ಷರಿಗೆ' ಎಂದು ಬರೆದಿದ್ದಳು. ಅದರದೇ ಒಂದು ನಕಲು ಚೀಲದಲ್ಲಿತ್ತು.

ಹತ್ತಕ್ಕೆ ಐದು ನಿಮಿಷ. ಮೆಟ್ಟಿಲ ಬುಡದಲ್ಲಿ ನಿಂತಳು. ಮೇಲೆ ಹೋದರೆ ಸಾಹೇಬರ ಕೋಣೆ. ಎಡಕ್ಕೆ ಹೋದರೆ ಟಪಾಲು. ಗಂಡ ಹೇಳಿದ್ದು, ಡ್ರೈವರಣ್ಣ ಹೇಳಿದ್ದು, ಅತ್ತೆಯ ಹಿಡಿತ, ಎಲ್ಲವೂ ಅವಳ ಜೊತೆ ಅಲ್ಲಿಯವರೆಗೆ ಬಂದಿದ್ದವು. ಯಾವುದೂ ಸುಳ್ಳಾಗಿರಲಿಲ್ಲ. ಅವಳು ಎಡಕ್ಕೆ ತಿರುಗಿದಳು.

ಟಪಾಲು ಗುಮಾಸ್ತ ಕಾಗದ ತೆಗೆದುಕೊಂಡು ಕನ್ನಡಕದ ಮೇಲಿಂದ ನೋಡಿದ. ಓದುತ್ತ ಓದುತ್ತ ಅವನ ಹುಬ್ಬು ಮೇಲೇರಿತು.

"ಸಾಹೇಬರಿಗೆ ತೋರಿಸಿದೀರಾ?"

"ಇಲ್ಲ."

"ತೋರಿಸಿ ಬನ್ನಿಮ್ಮ. ಆಮೇಲೆ ಕೊಡೋರಂತೆ."

"ನೀವು ನಂಬರ್ ಹಾಕಿ," ಎಂದಳು ಬಾಗಿಲಕ್ಕ. "ನನ್ನ ಪ್ರತಿಗೂ ಮೊಹರು ಹಾಕಿ ಕೊಡಿ. ಸಾಹೇಬರು ಆಮೇಲೆ ಓದ್ಕೋತಾರೆ."